ಹಿಪ್ ಸ್ಟೆಮ್ ಸುತ್ತ ಕರಿ ಗೆರೆ: ಸವೆತವೋ, ಸೋಂಕೋ?

ಮಂಡ್ಯ ಫಿಸಿಯೋ:
ರೋಗಿ 66 ವರ್ಷದ ರೈತರು. ಬಲ ಹಿಪ್ ಬದಲಾಯಿಸಿ 12 ವರ್ಷ. ಸಿಮೆಂಟ್ ಹಾಕಿದ ಸ್ಟೆಮ್ (ತೊಡೆಮೂಳೆಯೊಳಗಿನ ಲೋಹದ ಕಡ್ಡಿ), ಸಿಮೆಂಟಿಲ್ಲದ ಕಪ್ (ಸೊಂಟದ ಕುಳಿಯಲ್ಲಿ ಕೂರುವ ಬಟ್ಟಲು), 28 ಮಿ.ಮೀ. ಲೋಹದ ಬಾಲ್, ಹಳೇ ಥರದ ಪಾಲಿಥಿಲೀನ್ ಲೈನರ್ (ಕಪ್ ಒಳಗಿನ ಪ್ಲಾಸ್ಟಿಕ್ ಪದರ). ಕೂತು ಎದ್ದಾಗ ಮೊದಲ ನಾಲ್ಕೈದು ಹೆಜ್ಜೆ ತೊಡೆ ನೋವು, ನಡೀತಾ ನಡೀತಾ ಕಮ್ಮಿಯಾಗುತ್ತೆ. ಜ್ವರ ಇಲ್ಲ. ಎಕ್ಸ್‌ರೇಯಲ್ಲಿ ಸಿಮೆಂಟಿಗೂ ಮೂಳೆಗೂ ನಡುವೆ ಕರಿ ಗೆರೆ. ಬಾಲ್ ಕಪ್‌ನೊಳಗೆ ಮೇಲಕ್ಕೆ ಸರಿದಿದೆ. ಊರಲ್ಲಿ ಐದು ದಿನದ ಆಂಟಿಬಯಾಟಿಕ್ ಬರೆದಿದ್ದಾರೆ, ಇನ್ನೂ ಶುರುವಾಗಿಲ್ಲ. ಮೈಸೂರಿಗೆ ಕಳಿಸುವ ಮುಂಚೆ ಏನು ಮಾಡಿಸಲಿ? ವ್ಯಾಯಾಮ ಮುಂದುವರಿಸಲೇ?

ಕೀಲು ಸರ್ಜನ್, ಮೈಸೂರು:
ಮಾತ್ರೆ ಬರೆದ ವೈದ್ಯರಿಗೆ ಈಗಲೇ ಫೋನ್ ಮಾಡಿ, ತಡೆಯಲು ಕೇಳಿಕೊಳ್ಳಿ. ಒಂದು ಕೋರ್ಸ್ ಒಳಗೆ ಹೋದರೆ ಕೀಲಿನ ನೀರಿನ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಸುಳ್ಳು ಹೇಳುತ್ತೆ. ಆಮೇಲೆ ಕನಿಷ್ಠ 2 ವಾರ ಕಾಯಬೇಕು. ಚಳಿಜ್ವರ ಬಂದರೆ, ಗಾಯದಲ್ಲಿ ಕೀವು ಕಂಡರೆ ಮಾತ್ರ ಬೇರೆ ಮಾತು, ಅದೇ ದಿನ ಆಸ್ಪತ್ರೆಗೆ ಸೇರಿಸಿ.

ನೀವು ಹೇಳಿದ ನೋವು ಸಡಿಲವಾದ ಸ್ಟೆಮ್ಮಿನದೇ ಲಕ್ಷಣ. ಆದರೆ ಸಡಿಲವಾದ ಪ್ರತಿ ಕೀಲನ್ನೂ ಸೋಂಕು ಇಲ್ಲ ಅಂತ ಖಾತ್ರಿಯಾಗುವ ತನಕ ಸೋಂಕು ಅಂತಲೇ ನೋಡಬೇಕು. ಮಂಡ್ಯದಲ್ಲೇ ಉರಿಯೂತ ತೋರಿಸುವ ರಕ್ತ ಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಮಾಡಿಸಿ. ಇಎಸ್‌ಆರ್ 30 ದಾಟಿದರೆ, ಸಿಆರ್‌ಪಿ ಲೀಟರಿಗೆ 10 ಮಿ.ಗ್ರಾಂ ದಾಟಿದರೆ ಅನುಮಾನ ಬಲವಾಗುತ್ತೆ. ಯೂನಿಟ್ ನೋಡಿ: ಕೆಲವು ಲ್ಯಾಬ್ ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಅಲ್ಲಿ ಅದೇ 10 ಬರೀ 1 ಆಗಿರುತ್ತೆ. ಇತ್ತೀಚೆಗೆ ಚಿಕೂನ್‌ಗುನ್ಯಾ ಬಂದಿದ್ದರೂ ಎರಡೂ ಏರುತ್ತವೆ.

ಲೈನರ್ ಸವೆತ ಅಳೆಯೋದು ಹೀಗೆ. ಫಿಲ್ಮ್‌ನಲ್ಲಿ ಬಾಲ್ 33 ಮಿ.ಮೀ. ಕಂಡರೆ ನಿಜ ಅಳತೆ 28, ಹಾಗಾಗಿ ಪ್ರತಿ ಅಳತೆಯನ್ನೂ 28/33ರಿಂದ ಗುಣಿಸಿ. ಬಾಲ್ 2.4 ಮಿ.ಮೀ. ಸರಿದಂತೆ ಕಂಡರೆ ನಿಜಕ್ಕೂ ಸುಮಾರು 2. ಹೋಲಿಕೆಗೆ ಮೊದಲ ವರ್ಷದ ಫಿಲ್ಮ್ ಹಿಡಿಯಿರಿ, ಏಕೆಂದರೆ ಶುರುವಿನಲ್ಲಿ ಲೈನರ್ ಸವೆಯದೆಯೂ ಸ್ವಲ್ಪ ಅಮುಕಿಕೊಳ್ಳುತ್ತೆ. 11 ವರ್ಷಕ್ಕೆ 2 ಅಂದರೆ ವರ್ಷಕ್ಕೆ 0.18. ವರ್ಷಕ್ಕೆ 0.1 ದಾಟಿದಲ್ಲಿ ಮೂಳೆ ಕರಗೋದು ಹೆಚ್ಚು.

ಹಳೇ ಫಿಲ್ಮ್‌ಗಳನ್ನೆಲ್ಲ, ಇಂಪ್ಲಾಂಟ್ ಸ್ಟಿಕರ್ ಇರುವ ಡಿಸ್ಚಾರ್ಜ್ ಫೈಲನ್ನೂ ಕಳಿಸಿ. ಒಂದೇ ಫಿಲ್ಮ್‌ನ ಗೆರೆಗಿಂತ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿರುವ ಗೆರೆ ಮುಖ್ಯ. ಎಕ್ಸ್‌ರೇಯಲ್ಲಿ ಸ್ಟೆಮ್ಮಿನ ಸುತ್ತ ಗುರುತಿಸುವ ಏಳು ಗ್ರೂಯೆನ್ ವಲಯಗಳಲ್ಲಿ ಒಂದೊಂದನ್ನೂ ಹೋಲಿಸಿ. ಹೊಸ ಎಕ್ಸ್‌ರೇಯಲ್ಲಿ ಸ್ಟೆಮ್ಮಿನ ತುದಿ ದಾಟಿ ಕೆಳಗಿನ ಸಿಮೆಂಟ್ ಪ್ಲಗ್ಗೂ (ಸಿಮೆಂಟ್ ಕೆಳಗಿಳಿಯದಂತೆ ತಡೆಯುವ ಬಿರಡೆ) ಕಾಣಬೇಕು.

ಪೆಥಾಲಜಿ:
ಒಳಗೆ ಆಗೋದು ಇದು. ಒಂದು ಮೈಕ್ರಾನ್‌ಗಿಂತ ಸಣ್ಣ, ಲೈನರ್ ಸವೆದ ಪ್ಲಾಸ್ಟಿಕ್ ಪುಡಿಯನ್ನು ಮ್ಯಾಕ್ರೋಫೇಜ್ (ಕಸ ನುಂಗುವ ರಕ್ಷಣಾ ಕಣ) ನುಂಗುತ್ತೆ, ಅರಗಿಸಿಕೊಳ್ಳಲು ಆಗಲ್ಲ. ಕೆರಳಿ ಉರಿಯೂತ ಎಬ್ಬಿಸುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಬಿಡುತ್ತೆ, ಮೂಳೆ ಕರಗಿಸುವ ಸಂಕೇತವಾದ ಆರ್‌ಎಎನ್‌ಕೆ‌ಎಲ್ ಏರುತ್ತೆ, ಮೂಳೆ ತಿನ್ನುವ ಆಸ್ಟಿಯೋಕ್ಲಾಸ್ಟ್‌ಗಳು ಹುಟ್ಟಿಕೊಳ್ಳುತ್ತವೆ. ಹಸಿ ನೆಲದ ಗೂಟ ಅಲುಗಿದಷ್ಟೂ ಸುತ್ತ ನೀರು ಇಳಿಯುವಂತೆ, ಸ್ಟೆಮ್ ಅಲುಗಿದಷ್ಟೂ ಪುಡಿ ತುಂಬಿದ ನೀರು ಕೆಳಕ್ಕೆ ನುಗ್ಗುತ್ತೆ. ಹಿಂದೆ ಇದನ್ನೇ ಸಿಮೆಂಟಿನ ಕಾಯಿಲೆ ಅಂತ ಕರೆದು ತಪ್ಪು ಮಾಡಿದ್ದರು. ಸಿಮೆಂಟಿಲ್ಲದ ಕೀಲುಗಳಲ್ಲೂ ಮೂಳೆ ಕರಗಿತು.

ಆಪರೇಷನ್ ಆದರೆ ಬೇರೆ ಬೇರೆ ಜಾಗದಿಂದ ಅಂಗಾಂಶದ ಐದು ತುಣುಕು, ಪ್ರತಿಯೊಂದಕ್ಕೂ ಹೊಸ ಉಪಕರಣ, ಬೇರೆ ಬಾಟಲು. ಎರಡರಲ್ಲಿ ಅದೇ ಜೀವಿ ಬೆಳೆದರೆ ಸೋಂಕು. ಲ್ಯಾಬಿಗೆ 14 ದಿನ ಇಡಿ ಅಂತ ಬರೆದು ಕೊಡಿ, ನಿಧಾನಕ್ಕೆ ಬೆಳೆಯುವವು ಐದು ದಿನಕ್ಕೆ ಕಾಣಲ್ಲ. ಪೋಲರೈಸ್ಡ್ ಬೆಳಕಿನಲ್ಲಿ ಪಾಲಿಥಿಲೀನ್ ಪುಡಿ ಹೊಳೆಯುತ್ತೆ. ಹೊಳೆದ ಮಾತ್ರಕ್ಕೆ ಸೋಂಕು ಇಲ್ಲ ಅನ್ನಬೇಡಿ, ಎರಡೂ ಒಟ್ಟಿಗೆ ಇರಬಹುದು.

ಮಂಡ್ಯ ಫಿಸಿಯೋ:
ಧನ್ಯವಾದ ಸಾರ್. ಮಾತ್ರೆ ನಿಲ್ಲಿಸಿದೆವು. ಇಎಸ್‌ಆರ್ 24, ಸಿಆರ್‌ಪಿ ಲೀಟರಿಗೆ 4. ಹಾಗಾದರೆ ಕೀಲಿನ ನೀರು ತೆಗೆಯೋದು ಬೇಡವೇ?

ಕೀಲು ಸರ್ಜನ್, ಮೈಸೂರು:
ಬೇಕು. ಮಂದ ಸೋಂಕಿನಲ್ಲಿ ಎರಡೂ ನಾರ್ಮಲ್ ಇರಬಹುದು. ಥಿಯೇಟರಿನಲ್ಲಿ ಸಿ-ಆರ್ಮ್ (ನೇರ ಎಕ್ಸ್‌ರೇ ತೋರಿಸುವ ಯಂತ್ರ) ಅಡಿ ಸೂಜಿ ಹಾಕಿ ತೆಗೆಯುತ್ತೇವೆ. ಮೈಕ್ರೋಲೀಟರಿಗೆ ಬಿಳಿ ಕಣ 3,000 ದಾಟಿದರೆ, ಅವುಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಗೆ ಶೇ. 80 ದಾಟಿದರೆ ಸೋಂಕಿನ ಕಡೆಗೆ. ಜತೆಗೆ ರಕ್ತದ ಕೋಬಾಲ್ಟ್, ಕ್ರೋಮಿಯಂ ನೋಡೋಣ. ಲೋಹದ ಬಾಲ್ ಸ್ಟೆಮ್ಮಿಗೆ ಕೂರುವ ಕುತ್ತಿಗೆಯಲ್ಲಿ ತುಕ್ಕು ಹಿಡಿದಿದ್ದರೆ ಕೋಬಾಲ್ಟ್ ಕ್ರೋಮಿಯಂಗಿಂತ ಜಾಸ್ತಿ ಬರುತ್ತೆ.

ಕರಗಿದ ಮೂಳೆಯನ್ನು ಮತ್ತೆ ತುಂಬಿಸಿ ಸ್ಟೆಮ್ ಬಿಗಿ ಮಾಡುವ ಮಾತ್ರೆ ಇಲ್ಲ. ಕಪ್ ಗಟ್ಟಿಯಿದ್ದರೆ ಅಡ್ಡಕೊಂಡಿಯ (ಕ್ರಾಸ್-ಲಿಂಕ್ಡ್, ಕಮ್ಮಿ ಸವೆಯುವ ಪ್ಲಾಸ್ಟಿಕ್) ಹೊಸ ಲೈನರ್ ಸಾಕು, ಸ್ಟೆಮ್ ಮಾತ್ರ ಬದಲು. ಸೋಂಕು ಸಿಕ್ಕರೆ ಆಂಟಿಬಯಾಟಿಕ್ ಸಿಮೆಂಟ್ ಸ್ಪೇಸರ್ (ತಾತ್ಕಾಲಿಕ ಕೀಲು) ಹಾಕಿ ಎರಡು ಹಂತದಲ್ಲಿ.

ವ್ಯಾಯಾಮದಲ್ಲಿ ಕಾಲು ತಿರುಚುವುದು, ಭಾರ ಕಟ್ಟಿ ಎತ್ತಿಸುವುದು ನಿಲ್ಲಿಸಿ. ಎಡಗೈಗೆ ಕೋಲು ಕೊಡಿ, ನೋವಿನ ಕಾಲಿನ ಕಡೆಗಲ್ಲ. ಗದ್ದೆ ಬದುವಿನ ಮೇಲೆ ನಡೆಯೋದು ಬೇಡ; ಟೊಳ್ಳಾದ ಜಾಗದಲ್ಲಿ ತೊಡೆಮೂಳೆ ಮುರಿದರೆ ಈಗಿನ ಆಪರೇಷನ್ನಿನ ಎರಡರಷ್ಟು ಕಷ್ಟ.