ಹೊಸ ಮನೆಗೆ ಟ್ರಾವರ್ಟೈನ್ ಕಲ್ಲು: ಬಳಸಿದವರ ಅನುಭವ ಬೇಕಿತ್ತು

ಪ್ರಶ್ನೆ: ಮೈಸೂರಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಹಾಲ್, ಅಡುಗೆಮನೆ, ಬಾತ್‌ರೂಮ್ ಮೂರಕ್ಕೂ ಟರ್ಕಿಯ ಟ್ರಾವರ್ಟೈನ್ ಹಾಕಿಸುವ ಆಸೆ. ಆದರೆ ಅಂಗಡಿಯಲ್ಲಿ ನೋಡಿದ ಕಲ್ಲಿನ ತುಂಬಾ ತೂತು. ಕಳಪೆ ಮಾಲಾ? ಬಳಸಿದವರು ದಯವಿಟ್ಟು ಹೇಳಿ.

ಉತ್ತರ 1: ಕಳಪೆ ಅಲ್ಲ ಮೇಡಂ, ಆ ಕಲ್ಲು ಹುಟ್ಟುವುದೇ ಹಾಗೆ. ನೆಲದೊಳಗಿನ ನೀರು ಸುಣ್ಣಕಲ್ಲನ್ನು ಕರಗಿಸಿಕೊಂಡು ಬುಗ್ಗೆಯಾಗಿ ಮೇಲೆ ಬರುತ್ತದೆ. ಹೊರಗೆ ಬಂದ ಮೇಲೆ ಅದರಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಸುಣ್ಣ ಪದರ ಪದರವಾಗಿ ಕೂರುತ್ತದೆ. ನಡುವೆ ಸಿಕ್ಕಿದ ಪಾಚಿ, ಎಲೆ ಕೊಳೆತುಹೋದ ಜಾಗ, ಗಾಳಿಗುಳ್ಳೆ ಇದ್ದ ಜಾಗ ತೂತಾಗಿ ಉಳಿಯುತ್ತದೆ. ಟರ್ಕಿಯ ಪಮುಕ್ಕಲೆಯ ಬಿಳಿ ಮೆಟ್ಟಿಲುಗಳೂ ಬಿಸಿನೀರಿನ ಬುಗ್ಗೆ ಹೀಗೆ ಕಟ್ಟಿದ್ದೇ. ರೋಮ್‌ನ ಕೊಲೋಸಿಯಮ್‌ಗೆ ಬಳಸಿದ್ದು ಅಲ್ಲೇ ಹತ್ತಿರದ ಟಿವೋಲಿ ಊರಿನ ಟ್ರಾವರ್ಟೈನ್. ಸುಮಾರು 2000 ವರ್ಷವಾದರೂ ನಿಂತಿದೆ, ಅಲ್ವಾ? ಬಾಳಿಕೆಗೆ ಹೆದರಬೇಡಿ, ಹುಳಿಗೆ ಹೆದರಿ.

ನನ್ನ ತಂಗಿ ಮನೆಯ ಅಡುಗೆ ಕಟ್ಟೆ ಇದೇ ಕಲ್ಲಿನದು. ನಿಂಬೆಹೋಳು ಇಟ್ಟ ಕಡೆಯೆಲ್ಲ ಹೊಳಪು ಹೋಗಿ ಮಂಕು ಉಂಗುರ ಬಿದ್ದಿದೆ. ಬೆರಳಾಡಿಸಿದರೆ ಸ್ವಲ್ಪ ಒರಟು. ಹುಣಸೆರಸ ಚೆಲ್ಲಿದರೂ ಅಷ್ಟೇ. ಅದು ಕಲೆಯಲ್ಲ, ಹುಳಿ ಕಲ್ಲನ್ನೇ ತಿಂದಿರುತ್ತದೆ. ಕಲೆ ಹೀರದಂತೆ ಕಲ್ಲಿಗೆ ಹಚ್ಚುವ ಸೀಲರ್ ಹೊಡೆಸಿದರೆ ಎಣ್ಣೆ, ಅರಿಶಿನ ಬೇಗ ಇಳಿಯುವುದಿಲ್ಲ, ನಿಜ. ಹುಳಿಯನ್ನು ಮಾತ್ರ ಸೀಲರ್ ತಡೆಯಲ್ಲ. ಅಡುಗೆಮನೆಗೆ ಗ್ರಾನೈಟೇ ಇರಲಿ.

ಉತ್ತರ 2: ನಮ್ಮ ಹಾಲ್‌ಗೆ ಹಾಕಿಸಿದ್ದೇವೆ, ತುಂಬಾ ಖುಷಿಯಿದೆ. ಬೇಸಿಗೆಯಲ್ಲಿ ಕಾಲಿಗೆ ತಂಪು. ನೆಲಕ್ಕಾದರೆ ತೂತು ತುಂಬಿ ನಯ ಮಾಡಿದ ಮಾಲು, ‘ಫಿಲ್ಡ್ ಅಂಡ್ ಹೋನ್ಡ್’ ಅಂತಲೇ ಕೇಳಿ. ತೂತು ಹಾಗೇ ಬಿಟ್ಟಿದ್ದು ಗೋಡೆಗೆ ಚಂದ, ನೆಲಕ್ಕೆ ಹಾಕಿದರೆ ಧೂಳು ಕೂತು ಗುಡಿಸಿ ಸಾಕಾಗುತ್ತದೆ. ಕುರ್ಚಿ ಎಳೆದಾಡುವ ಕಡೆ ಅಲ್ಲಲ್ಲಿ ಫಿಲ್ಲರ್ ಕಿತ್ತು ಬರುತ್ತದೆ. ಅದೇ ಬಣ್ಣದ ಫಿಲ್ಲರ್ ಸ್ವಲ್ಪ ಜಾಸ್ತಿ ತರಿಸಿ ಇಟ್ಟುಕೊಳ್ಳಿ.

ಉತ್ತರ 3: ಬಾತ್‌ರೂಮಿಗೆ ಬೇಡವೇ ಬೇಡ. ನಾವಿದ್ದ ಬಾಡಿಗೆ ಮನೆಯಲ್ಲಿ ಕೆಲಸದವರು ರೂಢಿಯಂತೆ ಆಸಿಡ್ ಸುರಿದರು. ಬುರಬುರ ನೊರೆ ಎದ್ದು ನೆಲವೆಲ್ಲ ಗುಳಿ ಬಿತ್ತು. ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯುವ ಆಸಿಡ್ ಕ್ಲೀನರ್ ಯಾವುದೂ ಇದಕ್ಕೆ ಆಗುವುದಿಲ್ಲ. ಆ ಬಿಳಿ ಪದರವೂ ಸುಣ್ಣ, ಈ ಕಲ್ಲೂ ಸುಣ್ಣ. ಒಂದನ್ನು ಕರಗಿಸುವುದು ಇನ್ನೊಂದನ್ನು ಬಿಟ್ಟೀತೇ?

ಅಡ್ವಾನ್ಸ್ ಕೊಡುವ ಮೊದಲು ಅಂಗಡಿಯಿಂದ ಒಂದು ತುಂಡು ಕೇಳಿ ತನ್ನಿ. ನಿಂಬೆರಸ ಹನಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮನೆಯವರೆಲ್ಲ ನೋಡಿ ತೀರ್ಮಾನ ಮಾಡಿ.