ಫೆಬ್ರವರಿ ತಿಂಗಳ ಶಾಲಾ ಪೋಸ್ಟರಿಗೆ: ವಿಲ್ಲಿ ಹಾಬ್ಸ್ ಮೂರ್

ಅಮೆರಿಕದಲ್ಲಿ ಫೆಬ್ರವರಿಯಲ್ಲಿ ಆಚರಿಸುವ ಕಪ್ಪು ಜನರ ಇತಿಹಾಸ ಮಾಸಕ್ಕೆ ನಿಮ್ಮ ಮಗಳು ಯಾವ ವಿಜ್ಞಾನಿಯ ಬಗ್ಗೆ ಪೋಸ್ಟರ್ ಮಾಡಲಿ ಎಂದು ನಮ್ಮ ಗುಂಪಿನಲ್ಲಿ ಕೇಳಿದ್ದೀರಿ. ಹಲವರು ಆಗಲೇ ನಾಸಾದ ಗಣಿತಜ್ಞೆ ಕ್ಯಾಥರೀನ್ ಜಾನ್ಸನ್ ಹೆಸರು ಹೇಳಿದ್ದಾರೆ. ದೊಡ್ಡವರೇ, ಆದರೆ ಅರ್ಧ ತರಗತಿ ಅವರನ್ನೇ ಬರೆದು ತರುತ್ತದೆ. ಡೆಟ್ರಾಯಿಟ್ ಸುತ್ತ ಕಾರು ಕಂಪನಿಗಳ ಸಂಬಳದಲ್ಲಿ ಸಂಸಾರ ನಡೆಸುವ ನಮಗೆ ವಿಲ್ಲಿ ಹಾಬ್ಸ್ ಮೂರ್ ಹೆಸರೇ ಗೊತ್ತಿಲ್ಲ ಎಂದರೆ ಹೇಗೆ?

ಅಮೆರಿಕದ ಕಪ್ಪು ಮಹಿಳೆಯರಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಪಡೆದ ಮೊದಲಿಗರು ಅವರು. 1972ರಲ್ಲಿ, ಇಲ್ಲೇ ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಎಂಜಿನಿಯರ್ ಆಗಿ ದುಡಿಯುತ್ತಾ, ಇಬ್ಬರು ಮಕ್ಕಳನ್ನು ಸಾಕುತ್ತಾ ಓದಿದರು. ಆದರೆ ಮಗಳು ‘ಮೊದಲಿಗರು’ ಎಂದಷ್ಟೇ ಬರೆದು ಮುಗಿಸದಿರಲಿ. ಅವರು ಮಾಡಿದ ಕೆಲಸವೇನು ಎಂಬುದನ್ನೂ ಬರೆಯಲಿ.

ಅವರ ಪ್ರಬಂಧ ಕ್ಲೋರಿನ್ ಇರುವ ಒಂದು ಬಗೆಯ ಅಣುಗಳ ಕಂಪನದ ಬಗ್ಗೆ. ಕ್ಲೋರಿನ್ ಇರುವ ಪಿವಿಸಿ ಪ್ಲಾಸ್ಟಿಕ್ಕನ್ನು ಅರ್ಥಮಾಡಿಕೊಳ್ಳಲು ಈ ಅಣುಗಳು ಒಂದು ದಾರಿ. ಮಗುವಿಗೆ ಒಂದು ಸ್ಪ್ರಿಂಗ್ ಕೊಡಿ, ತುದಿಗೆ ಮೊದಲು ಹಗುರ ವಸ್ತು, ಆಮೇಲೆ ಭಾರದ್ದು ಕಟ್ಟಿ ಬಿಡಲಿ: ಭಾರ ಹೆಚ್ಚಾದಂತೆ ಕುಣಿತ ನಿಧಾನ. ಅಣುವಿನೊಳಗೂ ಕಂಪನದ ವೇಗವನ್ನು ಪರಮಾಣುಗಳ ತೂಕ ಮತ್ತು ಬಂಧದ ಬಿಗಿ ನಿರ್ಧರಿಸುತ್ತವೆ. ಅಣು ಕಣ್ಣಿಗೆ ಕಾಣದ ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಎಂದು ಅಳೆದರೆ ಆ ಬಿಗಿಯನ್ನು ಲೆಕ್ಕ ಹಾಕಬಹುದು. ಮುಂದೆ ಅದೇ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಸ್ಯಾಮ್ಯುಯೆಲ್ ಕ್ರಿಮ್ ಜೊತೆ ಇದೇ ವಿಧಾನವನ್ನು ಅವರು ಪ್ರೋಟೀನುಗಳತ್ತ ಒಯ್ದರು.

‘ನಮ್ಮ ಮಕ್ಕಳು ಸರ್ ಸಿ.ವಿ. ರಾಮನ್ ಬಗ್ಗೆ ಬರೆಯಲಿ’ ಎಂದ ಹಿರಿಯರಿಗೆ: ಅಣುಗಳ ಕಂಪನ ನೋಡುವ ಇನ್ನೊಂದು ಕಿಟಕಿಯೇ 1928ರ ರಾಮನ್ ಪರಿಣಾಮ, ಅಂದರೆ ಅಣುಗಳಿಗೆ ತಾಗಿ ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗದ ಬಣ್ಣ ಬದಲಾಗುವುದು. ಒಂದೇ ಪೋಸ್ಟರಿನಲ್ಲಿ ಇಬ್ಬರಿಗೂ ಜಾಗವಿದೆ, ಜಗಳ ಬೇಡ.

1977ರಲ್ಲಿ ಮೂರ್ ಫೋರ್ಡ್ ಸೇರಿದರು. ಜಪಾನಿನ ಗುಣಮಟ್ಟ ವಿಧಾನಗಳು ಆ ಕಂಪನಿಯಲ್ಲಿ ಬೇರೂರಲು ದುಡಿದರು. ಅಂಥ ವಿಧಾನಗಳಲ್ಲಿ ಒಂದಾದ ಟಗುಚಿ ವಿಧಾನದ ತರಬೇತಿಗೆ ಕೂತು ಆಕಳಿಸಿದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ!

ಇನ್ನೊಬ್ಬ ಕಪ್ಪು ಭೌತವಿಜ್ಞಾನಿ ಶರ್ಲಿ ಆನ್ ಜಾಕ್ಸನ್ ಬಗ್ಗೆ ನಮ್ಮ ಗುಂಪಿನಲ್ಲಿ ಹಂಚಿದ ಚಿತ್ರವನ್ನು ಮಾತ್ರ ದಯವಿಟ್ಟು ಬಳಸಬೇಡಿ. ಕಾಲರ್ ಐಡಿಯಿಂದ ಫೈಬರ್ ಕೇಬಲ್‌ವರೆಗೆ ಎಲ್ಲವನ್ನೂ ಅವರೇ ಕಂಡುಹಿಡಿದರು ಎಂದು ಅದರಲ್ಲಿ ತಪ್ಪಾಗಿ ಬರೆದಿದ್ದಾರೆ. ಅವರು ಎಂಐಟಿಯಲ್ಲಿ 1973ರಲ್ಲಿ ಕಣ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದವರು, ದೂರವಾಣಿ ಕಂಪನಿಯ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲಿ ತೆಳು ಪದರಗಳಲ್ಲಿ ಎಲೆಕ್ಟ್ರಾನುಗಳ ವರ್ತನೆಯನ್ನು ಅಧ್ಯಯನ ಮಾಡಿದವರು, 1995ರಿಂದ ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಅಧ್ಯಕ್ಷರಾಗಿದ್ದವರು. ಇಷ್ಟು ಸಾಧಿಸಿದವರಿಗೆ ಸುಳ್ಳಿನ ಒಡವೆ ಏಕೆ ತೊಡಿಸಬೇಕು?