ಡೈಡ್-ಇನ್-ದ-ವುಲ್ ಅಂದ್ರೆ ಸೋಗಲಾಡಿ ಅಂತನಾ?

ಅರೆಬರೆಓದುಗ:
ಒಂದು ಇಂಗ್ಲಿಷ್ ಲೇಖನ ಕನ್ನಡಕ್ಕೆ ಮಾಡ್ತಿದೀನಿ, ಅದ್ರಲ್ಲಿ ಒಬ್ಬ ರಾಜಕಾರಣಿನ ಡೈಡ್-ಇನ್-ದ-ವುಲ್ ಕನ್ಸರ್ವೇಟಿವ್ ಅಂದಿದಾರೆ. ಉಣ್ಣೆಗೆ ಬಣ್ಣ ಹಾಕೋದು ಅಂತ ಗೊತ್ತಾಯ್ತು, ಸರಿ ಬಣ್ಣ ಬಳ್ಕೊಂಡಿರೋ ಸೋಗಲಾಡಿ ಅಂತ ಬರೆದ್ಬಿಟ್ಟೆ, ಆದ್ರೆ ಮುಂದಿನ ಸಾಲಲ್ಲೇ ಮೂವತ್ತು ವರ್ಷದಿಂದ ಪಕ್ಷ ಬಿಟ್ಟಿಲ್ಲ ಅಂತಿದೆ, ತಾಳೆನೇ ಆಗ್ತಿಲ್ಲ.

ನೂಲೆಳೆ:
ಪೂರ್ತಿ ಉಲ್ಟಾ ಆಗಿದೆ ಗುರು 😄 ತಪ್ಪು ನಿಂದಲ್ಲ, ಕನ್ನಡದಲ್ಲಿ ಬಣ್ಣದ ಮಾತು, ಬಣ್ಣ ಬಯಲಾಯ್ತು ಅಂತೆಲ್ಲ ಬಣ್ಣ ಅಂದ್ರೆ ಮೇಲುಮೇಲಿಂದು, ಸುಳ್ಳು. ಇಲ್ಲಿ ಬಣ್ಣ ಒಳಗೇ ಇಳಿದಿದೆ. ಉಣ್ಣೆಗೆ ಮೂರು ಹಂತದಲ್ಲಿ ಬಣ್ಣ ಹಾಕ್ಬಹುದು, ಬಟ್ಟೆ ನೇಯ್ದ ಮೇಲೆ, ನೂಲು ಮಾಡಿದ ಮೇಲೆ, ಇಲ್ಲಾ ಇನ್ನೂ ನೂಲದೇ ಇರೋ ಬಿಡಿ ಉಣ್ಣೆಗೇ. ದಪ್ಪ ಬಟ್ಟೆನ ನೇಯ್ದಮೇಲೆ ಅದ್ದಿದ್ರೆ ಒಳಗಿನ ಎಳೆಗೆ ಬಣ್ಣ ಸರಿಯಾಗಿ ಹತ್ತದೇ ಇರಬಹುದು, ಕತ್ತರಿಸಿದ ಅಂಚಲ್ಲಿ ಪೇಲವವಾಗಿ ಕಾಣುತ್ತೆ. ಬಿಡಿ ಉಣ್ಣೆಲಿ ಹಾಕಿದ್ರೆ ಒಂದೊಂದು ಕೂದಲೂ ಬಣ್ಣ ಕುಡಿದಿರುತ್ತೆ, ಎಲ್ಲಿ ಕತ್ತರಿಸಿದ್ರೂ ಅದೇ ಬಣ್ಣ. ಹಾಗಾಗಿ ಕಟ್ಟಾ, ಅಪ್ಪಟ ಅಂತ ಅರ್ಥ. 16ನೇ ಶತಮಾನದಿಂದ್ಲೇ ಮನುಷ್ಯರ ಸ್ವಭಾವಕ್ಕೂ ಹೇಳ್ತಿದಾರೆ.

ಪದಹುಚ್ಚಿ:
ಇದರ ಅಕ್ಕ ಒಬ್ಳಿದಾಳೆ, ಇನ್‌ಗ್ರೇನ್ಡ್, ಅಂದ್ರೆ ಆಳವಾಗಿ ಬೇರೂರಿದ್ದು. ಕೆರ್ಮೆಸ್ ಅನ್ನೋ ಹುಳ ಒಣಗಿಸಿದ್ರೆ ಕಾಳಿನ ಥರ ಕಾಣುತ್ತೆ, ಅದಕ್ಕೇ ಆ ಕೆಂಪು ಬಣ್ಣಕ್ಕೆ ಗ್ರೇನ್ ಅಂದ್ರು, ಗಟ್ಟಿ ಬಣ್ಣ, ಸುಲಭಕ್ಕೆ ಹೋಗಲ್ಲ. ನಮ್ಮ ಕಿರಮಂಜಿನೂ ಅದೇ ಹುಳದ ಹೆಸರಿನ ಬಳಗದ್ದು. ಆದ್ರೆ ಇನ್‌ಗ್ರೇನ್ಡ್ ಅಭ್ಯಾಸಕ್ಕೆ, ಪೂರ್ವಗ್ರಹಕ್ಕೆ ಬರುತ್ತೆ, ಡೈಡ್-ಇನ್-ದ-ವುಲ್ ಹೆಚ್ಚಾಗಿ ಮನುಷ್ಯರಿಗೆ, ಅದ್ರಲ್ಲೂ ಪಕ್ಷ ಸಿದ್ಧಾಂತ ಹಿಡ್ಕೊಂಡೋರಿಗೆ.

ಅರೆಬರೆಓದುಗ:
ಹಂಗಾದ್ರೆ ಹೊಗಳಿಕೆನಾ?

ಪದಹುಚ್ಚಿ:
ಹೇಳೋರ ಬಾಯಿ ಮೇಲೆ. ಬೇರೆಯವರು ಹೇಳಿದ್ರೆ ಸಾಮಾನ್ಯವಾಗಿ ಇವನು ಬದಲಾಗೋ ಗಿರಾಕಿ ಅಲ್ಲ ಅನ್ನೋ ಸಣ್ಣ ಚುಚ್ಚು ಇರುತ್ತೆ. ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತ ಹಾಕ್ಬೇಡ ಮತ್ತೆ, ಅದು ಪೂರಾ ಬೈಗುಳ ಆಗೋಗುತ್ತೆ.

ಅರೆಬರೆಓದುಗ:
ಕಟ್ಟಾ ಸಂಪ್ರದಾಯವಾದಿ ಅಂತ ತಿದ್ದಿದೆ. ಮೊದಲ್ನೇ ಡ್ರಾಫ್ಟಲ್ಲಿ ಡೈಡ್ ನೋಡಿ ಉಣ್ಣೆಲಿ ಸತ್ತವನು ಅಂತಿತ್ತು, ಅದನ್ನ ಮಾತ್ರ ಯಾರಿಗೂ ಹೇಳ್ಬೇಡಿ.